ಬೆಂಗಳೂರಿನ ಬೀದಿಗಳಲ್ಲಿ ಹೂ ಬಿಡುವ ಮರಗಳು: ವಾಕಿಂಗ್ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಂಕ್ರಾಂತಿ ಕಳೆದು ಚಳಿ ಇಳಿಯುತ್ತಿದ್ದ ಹಾಗೆ ಬೆಂಗಳೂರಿನ ಮರಗಳು ಒಂದಾದ ಮೇಲೊಂದು ಹೂ ಬಿಡಲು ಶುರು ಮಾಡುತ್ತವೆ. ಮೇ ತಿಂಗಳ ಕೊನೆಯವರೆಗೂ ಇದು ನಿಲ್ಲುವುದಿಲ್ಲ. ಪ್ರತಿ ವರ್ಷ ಇದೇ ಸಮಯಕ್ಕೆ ಗೆಳೆಯರು, ಅಕ್ಕಪಕ್ಕದವರು, ಪಾರ್ಕಿನಲ್ಲಿ ಸಿಗುವವರು ಹೆಚ್ಚುಕಡಿಮೆ ಅವೇ ಪ್ರಶ್ನೆ ಕೇಳುತ್ತಾರೆ. ಅವಕ್ಕೆಲ್ಲ ಉತ್ತರ ಇಲ್ಲಿದೆ.

ಯಾವ ತಿಂಗಳಲ್ಲಿ ಹೊರಟರೆ ಯಾವ ಹೂ ಸಿಗುತ್ತದೆ?

ಜನವರಿ, ಫೆಬ್ರವರಿಯಲ್ಲಿ ಬೂರುಗ, ಮುತ್ತುಗ, ಗೊಬ್ಬರದ ಗಿಡ. ಮಾವು ಹೂ ಬಿಡುವುದೂ ಆಗಲೇ. ಗುಲಾಬಿ ಬಣ್ಣದ ಟಬೂಬಿಯಾ ಹೊಸ ವರ್ಷದ ಆಸುಪಾಸಿನಲ್ಲಿ ಶುರುವಾಗಿ ಬೇರೆ ಬೇರೆ ಬಡಾವಣೆಯಲ್ಲಿ ಬೇರೆ ಬೇರೆ ವಾರಕ್ಕೆ ಅರಳುತ್ತಾ ಮಾರ್ಚ್‌ವರೆಗೂ ಬರುತ್ತದೆ. ಹಳದಿ ಟಬೂಬಿಯಾ ಫೆಬ್ರವರಿ, ಮಾರ್ಚ್‌ನಲ್ಲಿ. ಹೊಂಗೆ ಮತ್ತು ಬೇವು ಯುಗಾದಿಯ ಹಿಂದೆ ಮುಂದೆ. ನೇರಳೆ ಬಣ್ಣದ ಜಕರಂಡ ಮಾರ್ಚ್, ಏಪ್ರಿಲ್. ಆಮೇಲೆ ಬಿಸಿಲು ಏರಿದ ಹಾಗೆ ಕಕ್ಕೆ, ಕಾಪರ್‌ಪಾಡ್, ಹೊಳೆ ದಾಸವಾಳ, ಗುಲ್‌ಮೊಹರ್.

ಇದು ಅಂದಾಜು ಲೆಕ್ಕ. ಹಿಂದಿನ ಮಳೆ ಹೇಗಿತ್ತು, ಚಳಿ ಎಷ್ಟು ದಿನ ಇತ್ತು, ನಡುವೆ ಒಂದು ಅಕಾಲ ಮಳೆ ಬಿತ್ತಾ, ಇದೆಲ್ಲದರ ಮೇಲೆ ಎರಡು ಮೂರು ವಾರ ಹಿಂದೆ ಮುಂದೆ ಆಗುತ್ತದೆ. ಒಂದೇ ಬೀದಿಯಲ್ಲಿ ಒಂದು ಮರ ಹೂ ಸುರಿಸಿ ಮುಗಿಸಿರುತ್ತದೆ, ಪಕ್ಕದ್ದು ಇನ್ನೂ ಮೊಗ್ಗಿನಲ್ಲೇ ಇರುತ್ತದೆ.

ಎಲ್ಲಿಗೆ ಹೋಗಬೇಕು? ಲಾಲ್‌ಬಾಗ್‌ಗೇ ಹೋಗಬೇಕಾ?

ಮೊದಲು ನಿಮ್ಮ ಬೀದಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಹೂ ಬಿಡುವ ಮರವನ್ನು ಒಮ್ಮೆ ನೋಡುವುದಕ್ಕೂ, ಮೊಗ್ಗಿನಿಂದ ಕಾಯಿವರೆಗೆ ನೋಡುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಎರಡನೆಯದು ದಿನಾ ಓಡಾಡುವ ದಾರಿಯಲ್ಲಿ ಮಾತ್ರ ಸಾಧ್ಯ. ಹಾಲು ತರಲು ಹೋಗುವ ದಾರಿ, ಬಸ್ ಸ್ಟಾಪಿನ ದಾರಿ, ಮಕ್ಕಳನ್ನು ಶಾಲೆಗೆ ಬಿಡುವ ದಾರಿ, ಯಾವುದಾದರೂ ಆಗುತ್ತದೆ.

ಅದು ರೂಢಿಯಾದ ಮೇಲೆ ಕಬ್ಬನ್ ಪಾರ್ಕ್‌ಗೆ ಹೋಗಿ. ಟಬೂಬಿಯಾ, ಜಕರಂಡ, ಮಳೆಮರ, ಗುಲ್‌ಮೊಹರ್ ಎಲ್ಲ ಅಲ್ಲಿ ನಡೆಯುವ ದಾರಿಯ ಪಕ್ಕದಲ್ಲೇ ಇವೆ. ಲಾಲ್‌ಬಾಗ್‌ನಲ್ಲಿ ಬೇರೆಲ್ಲೂ ಸುಲಭವಾಗಿ ಸಿಗದ ಮರಗಳಿವೆ, ಹಲವಕ್ಕೆ ಹೆಸರಿನ ಫಲಕವೂ ಇದೆ, ಆದ್ದರಿಂದ ಕಲಿಯುವವರಿಗೆ ಅದು ಒಳ್ಳೆಯದು. ಜಯನಗರ, ಬಸವನಗುಡಿ, ಮಲ್ಲೇಶ್ವರದ ಹಳೆಯ ಅಡ್ಡರಸ್ತೆಗಳನ್ನು ಮಾತ್ರ ಬಿಡಬೇಡಿ. ಭಾನುವಾರ ಬೆಳಿಗ್ಗೆ ಏಳಕ್ಕೆ ಮೊದಲು ಹೋದರೆ ಅಲ್ಲಿ ತಲೆ ಎತ್ತಿ ನಡೆಯಬಹುದು, ಗಾಡಿಗಳ ಕಾಟ ಕಡಿಮೆ.

ಎಲ್ಲರೂ ಫೋಟೋ ಹಾಕುವ ಆ ಗುಲಾಬಿ ಮರ ಚೆರ್ರಿ ಬ್ಲಾಸಮ್ ಅಲ್ವಾ?

ಅಲ್ಲ. ಅದು ಟಬೂಬಿಯಾ. ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಮರ. ಎಲ್ ಸಾಲ್ವಡಾರ್ ದೇಶದ ರಾಷ್ಟ್ರೀಯ ಮರವೂ ಇದೇ. ಜಪಾನಿನ ಚೆರ್ರಿಗೂ ಇದಕ್ಕೂ ಯಾವ ನೆಂಟಸ್ತನವೂ ಇಲ್ಲ. ನಮ್ಮ ದೇಶದಲ್ಲಿ ನಿಜವಾದ ಚೆರ್ರಿ ಜಾತಿಯ ಹೂ ನೋಡಬೇಕಾದರೆ ಶಿಲ್ಲಾಂಗ್‌ನಂಥ ಕಡೆ ಹೋಗಬೇಕು, ಅಲ್ಲಿ ಅದು ಅರಳುವುದು ನವೆಂಬರ್‌ನಲ್ಲಿ.

ಗುರುತು ಹಿಡಿಯುವುದು ಸುಲಭ. ಕೆಳಗೆ ಬಿದ್ದ ಒಂದು ಹೂ ಎತ್ತಿಕೊಳ್ಳಿ. ಎಸಳುಗಳು ಬಿಡಿಬಿಡಿಯಾಗಿ ಇರುವುದಿಲ್ಲ. ಇಡೀ ಹೂ ಒಂದೇ ಕೊಳವೆ, ತುದಿಯಲ್ಲಿ ಐದು ಭಾಗವಾಗಿ ಮುದುಡಿಕೊಂಡು ಅಗಲವಾಗುತ್ತದೆ, ಗಂಟಲಲ್ಲಿ ಹಳದಿ. ಚೆರ್ರಿಯಾದರೆ ಐದು ಎಸಳು ಬೇರೆ ಬೇರೆ ಉದುರುತ್ತವೆ. ಟಬೂಬಿಯಾದ ಎಲೆ ಬಂದ ಮೇಲೆ ನೋಡಿದರೆ ಒಂದು ತೊಟ್ಟಿಗೆ ಸಾಮಾನ್ಯವಾಗಿ ಐದು ಎಲೆ, ಅಂಗೈಯಿಂದ ಬೆರಳು ಬಿಡಿಸಿದ ಹಾಗೆ ಜೋಡಣೆ. ಕಾಯಿ ಉದ್ದ, ಒಳಗೆ ತೆಳು ರೆಕ್ಕೆಯ ಬೀಜ.

ಒಂದು ಮರ ಪೂರ್ತಿ ಅರಳಿ ನಿಲ್ಲುವುದು ಹೆಚ್ಚೆಂದರೆ ಒಂದೆರಡು ವಾರ. ಮುಂದಿನ ವಾರ ಕ್ಯಾಮೆರಾ ತರೋಣ ಅಂದುಕೊಂಡರೆ ಮರ ಕಾಯುವುದಿಲ್ಲ.

ಕೆಲವು ಟಬೂಬಿಯಾ ತಿಳಿ ಗುಲಾಬಿ, ಕೆಲವು ಗಾಢ. ಹಳದಿಯೂ ಇದೆ. ಎಲ್ಲ ಒಂದೇನಾ?

ಬೇರೆ ಬೇರೆ ಜಾತಿ. ಗಾಢ ನೇರಳೆ ಗುಲಾಬಿಯದ್ದು ಸಾಮಾನ್ಯವಾಗಿ ಮೊದಲು ಅರಳುತ್ತದೆ, ಗಾತ್ರದಲ್ಲೂ ಸ್ವಲ್ಪ ಚಿಕ್ಕದು. ತಿಳಿ ಗುಲಾಬಿಯದ್ದರ ಹೆಸರು ಟಬೂಬಿಯಾ ರೋಸಿಯಾ, ದೊಡ್ಡ ಮರ, ಅದು ಅರಳುವುದು ಆಮೇಲೆ. ಹಳದಿಯದ್ದು ಇನ್ನೊಂದು. ಅದರ ತೊಗಟೆ ಬೆಂಡಿನ ಥರ ದಪ್ಪ, ಆಳವಾಗಿ ಸೀಳಿರುತ್ತದೆ, ಎಲೆಗೆ ಬೆಳ್ಳಿ ಬೂದು ಬಣ್ಣ ಇರುತ್ತದೆ. ಹೂ ಇಲ್ಲದ ಕಾಲದಲ್ಲೂ ತೊಗಟೆ ನೋಡಿ ಹೇಳಬಹುದು.

ಇಷ್ಟೊಂದು ಹೊರದೇಶದ ಮರಗಳು ಇಲ್ಲಿಗೆ ಹೇಗೆ ಬಂದವು?

ಇದಕ್ಕೆ ಎರಡೂವರೆ ಶತಮಾನದ ಕಥೆ ಇದೆ. 1760ರಲ್ಲಿ ಹೈದರಾಲಿ ಲಾಲ್‌ಬಾಗ್ ಶುರು ಮಾಡಿಸಿದ. ಟಿಪ್ಪುವಿನ ಕಾಲದಲ್ಲಿ ಹೊರಗಿನ ಗಿಡ, ಬೀಜ ಬರುವುದು ಮುಂದುವರಿಯಿತು. ಬ್ರಿಟಿಷರ ಕಾಲದಲ್ಲಿ, ವಿಶೇಷವಾಗಿ ಜಾನ್ ಕ್ಯಾಮರಾನ್ ಮೇಲ್ವಿಚಾರಕರಾಗಿದ್ದಾಗ ಬೇರೆ ಬೇರೆ ಖಂಡಗಳ ಗಿಡಗಳನ್ನು ತಂದು ಇಲ್ಲಿ ಬದುಕುತ್ತವಾ ಅಂತ ನೋಡಿದರು.

ಆದರೆ ನಾವು ಈಗ ವಾಕಿಂಗ್‌ನಲ್ಲಿ ನೋಡುವ ಈ ಹೂವಿನ ಸಾಲಿಗೆ ಒಬ್ಬರನ್ನು ನೆನೆಯಲೇಬೇಕು. ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಜರ್ಮನಿಯ ಡ್ರೆಸ್ಡೆನ್ ಹತ್ತಿರ 1865ರಲ್ಲಿ ಹುಟ್ಟಿದವರು. ಲಂಡನ್ನಿನ ಕ್ಯೂ ಅನ್ನುವ ಸಸ್ಯೋದ್ಯಾನದಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡಾ ಸಂಸ್ಥಾನಕ್ಕೆ ಬಂದು, 1908ರಲ್ಲಿ ಲಾಲ್‌ಬಾಗ್‌ನ ಹೊಣೆ ಹೊತ್ತರು. 1932ರವರೆಗೆ ಅಲ್ಲೇ ಇದ್ದರು. ವರ್ಷದ ಯಾವ ತಿಂಗಳಲ್ಲೂ ಊರಿನ ಯಾವುದೋ ಒಂದು ಸಾಲು ಮರ ಹೂ ಬಿಟ್ಟಿರಬೇಕು, ಒಂದು ಮುಗಿಯುವಾಗ ಇನ್ನೊಂದು ಶುರುವಾಗಬೇಕು ಅಂತ ಯೋಚಿಸಿ ಬೀದಿಗೆ ಮರ ಆರಿಸಿದವರು ಅವರು. ಬೆಂಗಳೂರಿನಲ್ಲೇ 1956ರಲ್ಲಿ ತೀರಿಕೊಂಡರು. ಲಾಲ್‌ಬಾಗ್ ಪಕ್ಕದಲ್ಲಿ ಅವರ ಹೆಸರಿನ ರಸ್ತೆ ಇದೆ. ತಾವು ನೆಟ್ಟ ಮರ ದೊಡ್ಡದಾಗುವುದಕ್ಕೆ ಹತ್ತಾರು ವರ್ಷ ಬೇಕು ಅಂತ ಗೊತ್ತಿದ್ದೂ ಬಣ್ಣದ ಲೆಕ್ಕ ಹಾಕಿದ ಆ ಮನುಷ್ಯನ ಮೇಲೆ ನನಗೆ ತುಂಬಾ ಗೌರವ.

ಅವರೊಬ್ಬರೇ ಅಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಗಿಡ ನೆಟ್ಟರು. ಇವತ್ತು ಎಷ್ಟೋ ಬಡಾವಣೆಗಳಲ್ಲಿ ನೆರಳು ಕೊಡುತ್ತಿರುವುದು ಆ ಮರಗಳೇ.

ಮೈಮೇಲೆ ಒಂದು ಎಲೆಯೂ ಇಲ್ಲದೆ ಮರ ಹೂ ಬಿಡುವುದು ಯಾಕೆ?

ಬೇಸಿಗೆಗೆ ಮುಂಚೆ ನೆಲದಲ್ಲಿ ನೀರು ಕಡಿಮೆ. ಎಲೆ ಇದ್ದರೆ ಅದರ ಮೂಲಕ ನೀರು ಆವಿಯಾಗಿ ಹೋಗುತ್ತದೆ. ಹಾಗಾಗಿ ಮರ ಎಲೆ ಉದುರಿಸುತ್ತದೆ. ಎಲೆ ಇಲ್ಲದಾಗ ಹೂ ದೂರಕ್ಕೆ ಕಾಣುತ್ತದೆ, ಹಕ್ಕಿಗೂ ಜೇನಿಗೂ ಹುಡುಕುವ ಕಷ್ಟ ಇಲ್ಲ. ಇನ್ನೊಂದು ಕಾರಣ ಬೀಜ. ಮುತ್ತುಗ, ಬೂರುಗದ ಥರದ ಮರಗಳು ಈಗ ಹೂ ಬಿಟ್ಟರೆ ಮಳೆಗಾಲಕ್ಕೆ ಮುಂಚೆ ಬೀಜ ಬಲಿತು ಉದುರುತ್ತದೆ, ಮೊದಲ ಮಳೆಗೆ ಮೊಳಕೆ ಒಡೆಯುತ್ತದೆ.

ಬೂರುಗದ ಕೆಳಗೆ ಹತ್ತು ನಿಮಿಷ ನಿಂತರೆ ಇದು ಕಣ್ಣಿಗೇ ಕಾಣುತ್ತದೆ. ಕೆಂಪು ಹೂ, ದಪ್ಪ ಎಸಳು, ಕೈಯಲ್ಲಿ ಹಿಡಿದರೆ ತೂಕ ಇದೆ ಅನಿಸುತ್ತದೆ. ಬುಡದಲ್ಲಿ ಮಕರಂದ ನಿಂತಿರುತ್ತದೆ. ಅದಕ್ಕೆ ಮೈನಾ, ಕಾಗೆ, ಅಳಿಲು, ಚಳಿಗಾಲಕ್ಕೆ ಬಂದ ಗುಲಾಬಿ ಕಬ್ಬಕ್ಕಿ ಎಲ್ಲವೂ ಒಟ್ಟಿಗೇ ಮುತ್ತುತ್ತವೆ. ಮೂತಿಗೆಲ್ಲ ಹಳದಿ ಪರಾಗ. ಬಿಸಿಬೇಳೆಬಾತ್ ಪುಡಿಗೆ ಹಾಕುವ ಮರಾಠಿ ಮೊಗ್ಗು ಕೂಡ ಬೂರುಗದ ಬಳಗದ್ದೇ.

ಹೊಂಗೆಯಲ್ಲಿ ನೋಡಲು ಏನಿದೆ? ಅದು ಎಲ್ಲ ಕಡೆ ಇದೆಯಲ್ಲ.

ಎಲ್ಲ ಕಡೆ ಇರುವುದರಿಂದಲೇ ಅದನ್ನು ನೋಡಬೇಕು. ನನ್ನ ಪ್ರಕಾರ ಈ ಊರಿನ ವಸಂತ ಅಂದರೆ ಹೊಂಗೆ. ಟಬೂಬಿಯಾ ಫೋಟೋಗೆ ಚೆನ್ನ, ಒಪ್ಪುತ್ತೇನೆ. ಆದರೆ ಹೊಂಗೆ ನಮ್ಮ ನೆಲದ ಮರ.

ಫೆಬ್ರವರಿಯಲ್ಲಿ ಎಲೆ ಹಳದಿಯಾಗಿ ಉದುರುತ್ತದೆ. ಕೆಲವೇ ದಿನ ಬೋಳಾಗಿ ನಿಂತು, ಇದ್ದಕ್ಕಿದ್ದಂತೆ ಮರವೆಲ್ಲ ತಿಳಿಹಸಿರು ತಳಿರು. ಎಣ್ಣೆ ಸವರಿದಂಥ ಹೊಳಪು. ಬೆಳಿಗ್ಗೆ ಎಂಟರ ಬಿಸಿಲು ಹಿಂದಿನಿಂದ ಬಿದ್ದಾಗ ಎಲೆಯ ಒಂದೊಂದು ನರವೂ ಕಾಣುತ್ತದೆ. ಅದರ ಜೊತೆಗೇ ಹೂಗೊಂಚಲು. ಹೂ ಚಿಕ್ಕದು, ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಿರಬಹುದು. ಅವರೆ ಹೂವಿನ ಆಕಾರ, ಎರಡೂ ಒಂದೇ ಕುಟುಂಬ. ಬಿಳಿ, ಅದರಲ್ಲಿ ನಸು ನೇರಳೆಯ ಛಾಯೆ. ಕೆಳಗಿನ ಬಟ್ಟಲು ಕಂದು. ಭೂತಗನ್ನಡಿ ಇದ್ದರೆ ಮೇಲಿನ ದೊಡ್ಡ ಎಸಳಿನ ಬೆನ್ನು ನೋಡಿ, ಅಲ್ಲಿ ರೇಷ್ಮೆಯಂಥ ಸಣ್ಣ ಕೂದಲಿರುತ್ತದೆ.

ಮರದ ಕೆಳಗೆ ಹೋದ ತಕ್ಷಣ ಮೇಲೆ ನೋಡಬೇಡಿ, ಮೊದಲು ಕಿವಿ ಕೊಡಿ. ಮರ ಇಡೀ ಗುಂಯ್ ಅನ್ನುತ್ತಿರುತ್ತದೆ. ಜೇನುಹುಳು, ದುಂಬಿ. ಆಮೇಲೆ ನೆಲ ನೋಡಿ. ಫುಟ್‌ಪಾತ್ ಮೇಲೆ, ನಿಂತ ಕಾರಿನ ಗಾಜಿನ ಮೇಲೆ, ಚರಂಡಿಯ ಕಲ್ಲಿನ ಮೇಲೆ ಮಂಡಕ್ಕಿ ಚೆಲ್ಲಿದ ಹಾಗೆ ಹೂ. ಪೌರಕಾರ್ಮಿಕರು ಗುಡಿಸಿ ಅರ್ಧ ಗಂಟೆ ಆಗುವಷ್ಟರಲ್ಲಿ ಮತ್ತೆ ಅಷ್ಟೇ. ಕುಂಡದಲ್ಲಿ ಗಿಡ ಬೆಳೆಸುವವರು ಈ ಹೂವನ್ನು ಗೋಣಿಚೀಲದಲ್ಲಿ ತುಂಬಿಟ್ಟು ಕೊಳೆಸಿ ಗೊಬ್ಬರ ಮಾಡಿಕೊಳ್ಳುತ್ತಾರೆ. ನೀವೂ ಮಾಡಬಹುದು, ಪ್ಲಾಸ್ಟಿಕ್ ಮತ್ತು ಗಾಜಿನ ಚೂರು ಮಾತ್ರ ಆರಿಸಿಕೊಳ್ಳಿ.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಹೊಂಗೆಯ ಕಾಯಿ ಬಲಿಯಲು ಹತ್ತು ಹನ್ನೊಂದು ತಿಂಗಳು ಬೇಕು. ಅಂದರೆ ಈ ವರ್ಷದ ಹೂ ಅರಳುವಾಗ ಹೋದ ವರ್ಷದ ಒಣಕಾಯಿ ಇನ್ನೂ ಕೊಂಬೆಯಲ್ಲೇ ಇರುತ್ತದೆ. ಎಲೆಯ ಮೇಲೆ ನರುಲಿಯಂಥ ಗಂಟು ಕಂಡರೆ ಗಾಬರಿ ಬೇಡ. ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯ ಕೆಲಸ ಅದು. ಮರಕ್ಕೆ ದೊಡ್ಡ ತೊಂದರೆ ಏನಿಲ್ಲ.

"ಹೊಂಗೆ ನೆರಳು ತಾಯಿ ಮಡಿಲು" ಅನ್ನುವ ಗಾದೆ ಏಪ್ರಿಲ್ ಮಧ್ಯಾಹ್ನ ಅದರ ಕೆಳಗೆ ನಿಂತವರಿಗೆ ವಿವರಿಸಬೇಕಾಗಿಲ್ಲ.

ಬೇವಿನ ಹೂವಿನ ಬಗ್ಗೆ?

ಯುಗಾದಿಯ ಬೇವು ಬೆಲ್ಲಕ್ಕೆ ಹೂ ಬಿಡಿಸುವಾಗ ಎಲ್ಲರೂ ನೋಡಿರುತ್ತೀರಿ. ಮುಂದಿನ ಸಲ ಮೂಸಿಯೂ ನೋಡಿ. ಎಲೆ ಕಹಿ, ಹೂವಿಗೆ ಜೇನಿನ ಪರಿಮಳ. ಸಂಜೆ ಹೊತ್ತು ಜಾಸ್ತಿ ಗೊತ್ತಾಗುತ್ತದೆ.

ಕಕ್ಕೆ, ಕಾಪರ್‌ಪಾಡ್, ಎರಡೂ ಹಳದಿ. ಯಾವುದು ಯಾವುದು?

ಕಕ್ಕೆಯ ಹೂಗೊಂಚಲು ಕೆಳಗೆ ಇಳಿಬಿದ್ದಿರುತ್ತದೆ. ಕಾಪರ್‌ಪಾಡ್‌ನದ್ದು ಮೇಲೆ ನೆಟ್ಟಗೆ ನಿಂತಿರುತ್ತದೆ. ಇಷ್ಟು ನೋಡಿದರೆ ಸಾಕು. ಕಾಯಿ ಇದ್ದರೆ ಇನ್ನೂ ಸುಲಭ. ಕಕ್ಕೆಯದ್ದು ದುಂಡಗೆ, ಕಪ್ಪಗೆ, ಒಂದು ಮೊಳದಷ್ಟು ಉದ್ದ. ಕಾಪರ್‌ಪಾಡ್‌ನದ್ದು ಚಪ್ಪಟೆ, ತಾಮ್ರದ ಬಣ್ಣ. ಕಕ್ಕೆ ನಮ್ಮ ಕಾಡಿನ ಮರ, ವಿಷು ಹಬ್ಬದ ಕಣಿಗೆ ಇಡುವುದು ಇದನ್ನೇ, ಕೇರಳದ ರಾಜ್ಯಪುಷ್ಪವೂ ಹೌದು. ಕಾಪರ್‌ಪಾಡ್ ಆಗ್ನೇಯ ಏಷ್ಯಾ ಕಡೆಯದು.

ಗುಲ್‌ಮೊಹರ್ ಹೂವಿನ ಒಂದು ಎಸಳು ಬೇರೆ ಥರ ಇರುವುದು ಯಾಕೆ?

ಒಳ್ಳೆಯ ಗಮನ. ಐದು ಎಸಳಿನಲ್ಲಿ ನಾಲ್ಕು ಕೆಂಪು. ಒಂದು ಮಾತ್ರ ಬಿಳಿ ಹಳದಿ, ಮೇಲೆ ಕೆಂಪು ಗೆರೆ ಚುಕ್ಕೆ. ಮಕರಂದ ಎಲ್ಲಿದೆ ಅಂತ ಬರುವ ಹುಳುಹಕ್ಕಿಗೆ ತೋರಿಸುವ ಗುರುತು ಅದು. ಈ ಮರ ಮಡಗಾಸ್ಕರ್ ದ್ವೀಪದ್ದು, ಆದರೆ ನಮ್ಮ ಮಕ್ಕಳ ಆಟಕ್ಕೆ ಯಾವಾಗಲೋ ಸೇರಿಹೋಗಿದೆ. ಕೇಸರದ ತುದಿಗೆ ತುದಿ ಸಿಕ್ಕಿಸಿ ಎಳೆದು ಯಾರದ್ದು ಮೊದಲು ಕಳಚುತ್ತದೆ ನೋಡುವ ಆಟ ಆಡದ ಶಾಲೆ ಇದೆಯಾ?

ನಮ್ಮ ಕಾಂಪೌಂಡಿನ ಅಶೋಕ ಮರದಲ್ಲಿ ಕೆಂಪು ಹೂವೇ ಬಿಡುವುದಿಲ್ಲ. ಏನಾಗಿದೆ?

ಏನೂ ಆಗಿಲ್ಲ, ಅದು ಬೇರೆ ಮರ. ಕಾಂಪೌಂಡ್ ಉದ್ದಕ್ಕೂ ಕಂಬದ ಹಾಗೆ ನೇರ ಬೆಳೆಯುವುದು ಸೀತಾಫಲದ ಕುಟುಂಬದ್ದು. ಅದರ ಹೂ ತಿಳಿಹಸಿರು, ಎಲೆಯ ನಡುವೆ ಕಾಣುವುದೇ ಇಲ್ಲ. ನಿಜವಾದ ಅಶೋಕ ಗಿಡ್ಡ, ಹರಡಿಕೊಂಡಿರುತ್ತದೆ. ಫೆಬ್ರವರಿಯಿಂದ ಏಪ್ರಿಲ್ ನಡುವೆ ಕಿತ್ತಳೆ ಬಣ್ಣದ ದಟ್ಟ ಗೊಂಚಲು, ದಿನ ಕಳೆದ ಹಾಗೆ ಕೆಂಪಗಾಗುತ್ತದೆ. ಹತ್ತಿರದಿಂದ ನೋಡಿದರೆ ಅದರಲ್ಲಿ ಎಸಳೇ ಇಲ್ಲ! ನಾವು ಎಸಳು ಅಂದುಕೊಳ್ಳುವ ನಾಲ್ಕು ಭಾಗವೂ ಪುಷ್ಪಪಾತ್ರೆಯದ್ದು, ಅಂದರೆ ಹೂವಿನ ಕೆಳಗಿನ ಬಟ್ಟಲಿನದ್ದು, ಹೊರಗೆ ಚಾಚಿರುವುದು ಉದ್ದನೆ ಕೇಸರ. ಲಾಲ್‌ಬಾಗ್‌ನಲ್ಲಿ ನೋಡಬಹುದು.

ಮುತ್ತುಗ ಊರೊಳಗೆ ಸಿಗುತ್ತದಾ?

ಅಪರೂಪ. ಫೆಬ್ರವರಿ, ಮಾರ್ಚ್‌ನಲ್ಲಿ ರಾಮನಗರದ ಕಡೆ, ತುಮಕೂರಿನ ಕಡೆ ಹೋಗುವಾಗ ಕಿಟಕಿ ಪಕ್ಕ ಕೂತುಕೊಳ್ಳಿ. ಕುರುಚಲು ಗುಡ್ಡದಲ್ಲಿ ಎಲೆಯಿಲ್ಲದ ಸೊಟ್ಟ ಮರ, ಮೈತುಂಬಾ ಕೇಸರಿ ಕೆಂಪು. ಇಳಿದು ಹತ್ತಿರ ಹೋದರೆ ಇನ್ನೂ ಚೆನ್ನ. ಮೊಗ್ಗಿನ ಕೆಳಗಿನ ಬಟ್ಟಲು ಕಪ್ಪು ಮಕಮಲ್ಲು, ಅದರಿಂದ ಕೇಸರಿ ಎಸಳು ಬಾಗಿ ಹೊರಬರುತ್ತದೆ. ಇಷ್ಟು ಗಾಢ ಬಣ್ಣ, ಪರಿಮಳ ಮಾತ್ರ ಇಲ್ಲ. ಬರುವುದು ಜಾಸ್ತಿ ಹಕ್ಕಿಗಳು, ಅವಕ್ಕೆ ಬಣ್ಣ ಸಾಕು. ಊಟದ ಎಲೆ ಹಚ್ಚುವುದು ಇದರ ಎಲೆಯಲ್ಲೇ, ಅದು ಹೂ ಮುಗಿದ ಮೇಲೆ ಚಿಗುರುತ್ತದೆ.

ಮಲೆನಾಡು, ಕರಾವಳಿಯವರು ಏನು ನೋಡಬೇಕು?

ನಿಮ್ಮ ಕಡೆ ನಮಗಿಂತ ಜಾಸ್ತಿ ಇದೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುತ್ತದೆ. ಎರಡು ಮೂರು ದಿನ ಅಷ್ಟೇ ಅದರ ಸೊಗಸು. ಕರಾವಳಿಯಲ್ಲಿ ಸುರಗಿ, ರೆಂಜೆ. ಎರಡನ್ನೂ ಒಣಗಿದ ಮೇಲೂ ದಂಡೆ ಮಾಡಿ ಇಟ್ಟುಕೊಳ್ಳುತ್ತಾರೆ, ಪರಿಮಳ ಹೋಗುವುದಿಲ್ಲ.

ಹೂವಿನ ಕಾಲದಲ್ಲಿ ಸೀನು ಜಾಸ್ತಿ. ಈ ಮರಗಳ ಪರಾಗದಿಂದಲಾ?

ಕಣ್ಣು ಸೆಳೆಯುವ ಹೂಗಳ ಪರಾಗ ಸಾಮಾನ್ಯವಾಗಿ ಅಂಟಂಟಾಗಿ, ಭಾರವಾಗಿ ಇರುತ್ತದೆ. ಹುಳು, ಹಕ್ಕಿ ಹೊತ್ತೊಯ್ಯಲಿ ಅಂತಲೇ ಆ ಬಣ್ಣ. ಗಾಳಿಯಲ್ಲಿ ತೇಲಿ ಮೂಗಿಗೆ ಬರುವುದು ಜಾಸ್ತಿ ಹುಲ್ಲಿನದ್ದು, ಕಾಂಗ್ರೆಸ್ ಗಿಡದ್ದು. ಜೊತೆಗೆ ರಸ್ತೆಯ ಧೂಳು. ಉಬ್ಬಸ ಇದ್ದವರು ಡಾಕ್ಟರ್ ಹತ್ತಿರ ತೋರಿಸಿಕೊಳ್ಳಿ, ಊಹೆ ಮೇಲೆ ಮರವನ್ನು ದೂರಬೇಡಿ.

ಹೆಸರು ಗೊತ್ತಿಲ್ಲದ ಮರ ಕಂಡರೆ ಏನು ಮಾಡಬೇಕು?

ಹೂವಿನ ಫೋಟೋ ಒಂದೇ ಸಾಲದು. ಎಲೆ ಕೊಂಬೆಗೆ ಹೇಗೆ ಜೋಡಿಸಿಕೊಂಡಿದೆ, ತೊಗಟೆ, ಕಾಯಿ, ದೂರದಿಂದ ಇಡೀ ಮರ, ಎಲ್ಲವನ್ನೂ ತೆಗೆದುಕೊಳ್ಳಿ. ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿದರೆ ತಿಳಿದವರು ನೋಡಿ ಹೆಸರು ಹೇಳುತ್ತಾರೆ. ಅದಕ್ಕೂ ಮೊದಲು ಮರದ ಕೆಳಗೆ ಹೂ ಕಟ್ಟುವವರನ್ನೋ, ಎಳನೀರು ಮಾರುವವರನ್ನೋ ಕೇಳಿ. ಊರ ಹೆಸರು ಅವರ ಬಾಯಲ್ಲಿರುತ್ತದೆ. ಒಂದೇ ಮರವನ್ನು ವಾರವಾರ ನೋಡಿ ಬರೆದಿಡುವ ಆಸೆ ಇದ್ದರೆ ಸೀಸನ್‌ವಾಚ್ ಅನ್ನುವ ಯೋಜನೆ ಇದೆ, ಯಾರು ಬೇಕಾದರೂ ಸೇರಬಹುದು. ಹೂವಿನ ಕಾಲ ಬದಲಾಗುತ್ತಿದೆಯಾ ಅಂತ ಕೇಳುವವರಿಗೂ ಇದೇ ನನ್ನ ಉತ್ತರ. ಒಂದು ವರ್ಷ ನೋಡಿ ಏನೂ ಹೇಳಲು ಆಗುವುದಿಲ್ಲ. ಹಲವು ಜನ ಹಲವು ವರ್ಷ ಬರೆದಿಟ್ಟರೆ ಮಾತ್ರ ಗೊತ್ತಾಗುತ್ತದೆ.

ಹೂ ಕೀಳಬಹುದಾ?

ಬಿದ್ದದ್ದನ್ನು ಎತ್ತಿಕೊಳ್ಳಿ. ಕೊಂಬೆ ಬಗ್ಗಿಸಬೇಡಿ, ಫೋಟೋಗಾಗಿ ಮರ ಅಲ್ಲಾಡಿಸಿ ಹೂ ಉದುರಿಸಬೇಡಿ. ಅದು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ.

ನಮ್ಮ ಬೀದಿಯ ಮರ ಕಡಿಯಲು ಬಂದಿದ್ದಾರೆ. ಏನು ಮಾಡಲಿ?

ಅನುಮತಿ ಪತ್ರ ಕೇಳಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದಲೂ ಇದೆ. ಮರ ಕಡಿಯಬೇಕಾದರೆ ವೃಕ್ಷಾಧಿಕಾರಿಯ ಒಪ್ಪಿಗೆ ಬೇಕು. ಪತ್ರ ಇಲ್ಲದಿದ್ದರೆ ಫೋಟೋ ತೆಗೆದು ಪಾಲಿಕೆಯ ಅರಣ್ಯ ವಿಭಾಗಕ್ಕೆ ತಕ್ಷಣ ದೂರು ಕೊಡಿ. ಬುಡದ ಸುತ್ತ ಸಿಮೆಂಟ್ ಮೆತ್ತಿ ಉಸಿರುಗಟ್ಟಿಸಿದ ಮರಗಳ ಬಗ್ಗೆಯೂ ದೂರು ಕೊಡಿ. ಬೇರಿಗೆ ನೀರು, ಗಾಳಿ ಬೇಕು.

ಮನೆ ಮುಂದೆ ಹೂ ಬಿಡುವ ಒಂದು ಗಿಡ ನೆಡಬೇಕು. ಯಾವುದು ಒಳ್ಳೆಯದು?

ಮೊದಲು ಮೇಲೆ ನೋಡಿ. ಕರೆಂಟ್ ತಂತಿ ಇದ್ದರೆ ದೊಡ್ಡ ಮರ ಬೇಡ, ನಾಲ್ಕು ವರ್ಷಕ್ಕೆ ಕೊಂಬೆ ಕಡಿಯಲು ಬರುತ್ತಾರೆ. ಅಂಥ ಕಡೆ ಬಸವನಪಾದ ಅಥವಾ ದೇವಗಣಗಲೆ ಸಾಕು. ತಂತಿ ಇಲ್ಲ, ಜಾಗ ಇದೆ ಅಂದರೆ ಹೊಂಗೆ, ಹೊಳೆ ದಾಸವಾಳ, ಕಕ್ಕೆ. ಸಂಪಿಗೆ ಕೂಡ. ಗುಲ್‌ಮೊಹರ್ ಮತ್ತು ನೀರುಕಾಯಿ ಮರದ ಕೊಂಬೆ ಪೆಡಸು, ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಮುರಿದು ಬೀಳುತ್ತವೆ. ಅವನ್ನು ದೊಡ್ಡ ಮೈದಾನಕ್ಕೆ ಬಿಡಿ, ಇಕ್ಕಟ್ಟಿನ ಬೀದಿಗೆ ಬೇಡ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೆಡಿ, ಆಳೆತ್ತರದ ಸಸಿಯಾದರೆ ಹಸು ಮೇಯುವ ಭಯ ಕಡಿಮೆ. ಬುಡದಲ್ಲಿ ಒಂದು ಮೀಟರ್ ಅಗಲ ಮಣ್ಣು ಬಿಡಿ, ಮೊದಲ ಎರಡು ಬೇಸಿಗೆ ವಾರಕ್ಕೆ ಎರಡು ಸಲ ನೀರು ಹಾಕಿ.